ಮೂಷಕದೃಷ್ಟಾಂತ: ಶ್ವಾಸಕೋಶರೋಗಗಳ ಅನುವಂಶವಿಚಾರದಲ್ಲಿ ವಿಕೃತ ಇಲಿಗಳ ಇತಿಹಾಸ

೧. ವಿಷಯಪ್ರವೇಶ

ಕದಿಯುವುದೆಂಬ ಅರ್ಥವುಳ್ಳ ಮುಷ್ ಧಾತುವಿನಿಂದ ಮೂಷ, ಮೂಷಕ, ಮೂಷಿಕ ಎಂಬ ಶಬ್ದಗಳು ನಿಷ್ಪನ್ನವಾದುವೆಂದು ಶಾಬ್ದಿಕರು ಹೇಳುವರು. ಲ್ಯಾಟಿನ್ ಭಾಷೆಯ ಮುಸ್ ಎಂಬುದೂ ಇಂಗ್ಲಿಷಿನ ಮೌಸ್ ಎಂಬುದೂ ಈ ಮೂಷ ಶಬ್ದದ ಜ್ಞಾತಿಗಳೇ. ಅಮರಸಿಂಹನು ಉಂದುರು, ಮೂಷಿಕ, ಆಖು ಎಂಬ ಪರ್ಯಾಯಗಳನ್ನು ಹೇಳಿ, ಸಣ್ಣ ಇಲಿಗೆ ಗಿರಿಕಾ ಎಂಬ ಬೇರೊಂದು ಹೆಸರನ್ನು ಕೊಟ್ಟಿರುವನು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ೧೮ ಬಗೆಯ ಇಲಿಗಳನ್ನೂ ಅವುಗಳ ವಿಷದಿಂದ ಹುಟ್ಟುವ ವಿಕಾರಗಳನ್ನೂ ಅವಕ್ಕೆ ತಕ್ಕ ಚಿಕಿತ್ಸೆಯನ್ನೂ ವಿವರಿಸಿದೆ. ಪ್ರಾಚೀನ ವೈದ್ಯರಿಗೆ ಇಲಿಯು ರೋಗಕ್ಕೆ ಒಂದು ಕಾರಣವಾಗಿದ್ದಿತು. ನವೀನ ವೈದ್ಯರಿಗಾದರೋ ಅದು ರೋಗದ ಕಾರಣವನ್ನು ಹುಡುಕುವುದಕ್ಕೆ ಮುಖ್ಯವಾದ ಸಾಧನವಾಗಿದೆ.

ಶ್ವಾಸಕೋಶದ ವ್ಯಾಧಿಗಳಲ್ಲಿ ಕೆಲವು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರತಕ್ಕವು. ಅವುಗಳ ಬೀಜವು ಶರೀರದ ಪ್ರತಿಯೊಂದು ಜೀವಕೋಶದಲ್ಲಿಯೂ ಇರುವ ವಂಶವಾಹಿಗಳಲ್ಲಿ ಅಡಗಿರುವುದು. ಇಲಿಯಲ್ಲಿ ಅದೇ ವಂಶವಾಹಿಯು ತಾನಾಗಿಯೇ ಕೆಟ್ಟಿದ್ದರೆ, ಅಥವಾ ಬೇಕೆಂದೇ ಕೆಡಿಸಲ್ಪಟ್ಟರೆ, ಆ ಇಲಿಯ ಶ್ವಾಸಕೋಶದಲ್ಲಿ ಕಾಣುವ ವಿಕಾರವು ಮನುಷ್ಯನ ರೋಗಕ್ಕೆ ದೃಷ್ಟಾಂತವಾಗಬಹುದೆಂಬುದು ಈ ಮಾರ್ಗದ ಮೂಲತತ್ತ್ವ. ಆದರೆ ಇಲಿಯಲ್ಲಿ ಕಂಡುದನ್ನು ಮನುಷ್ಯನಲ್ಲಿಯೂ ಉಂಟೆಂದು ಹೇಳುವುದಕ್ಕೆ ಪ್ರಮಾಣವೇನು? ಸಾದೃಶ್ಯವು ಎಲ್ಲಿಯವರೆಗೆ ಸಲ್ಲುವುದು, ಎಲ್ಲಿ ತಪ್ಪುವುದು? ರೋಗಿಯ ಪ್ರಾಣವು ಈ ನಿರ್ಣಯವನ್ನು ಅವಲಂಬಿಸಿರುವುದರಿಂದ ಇದು ಕೇವಲ ತರ್ಕವಿನೋದವಲ್ಲ. ಈ ವಿಚಾರದ ಇತಿಹಾಸವನ್ನು ನಾಲ್ಕಾರು ಪ್ರಸಂಗಗಳ ಮೂಲಕ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೨. ಶುದ್ಧವಂಶಗಳ ಉತ್ಪತ್ತಿ

ಮೆಂಡೆಲನ ಅನುವಂಶನಿಯಮಗಳು ೧೯೦೦ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ, ಅವು ಬಟಾಣಿಗಿಡಕ್ಕೆ ಮಾತ್ರವೇ ಅನ್ವಯಿಸುವುವೋ ಪ್ರಾಣಿಗಳಿಗೂ ಅನ್ವಯಿಸುವುವೋ ಎಂಬ ಸಂದೇಹವು ಹುಟ್ಟಿತು. ಫ್ರಾನ್ಸ್ ದೇಶದ ಲೂಸಿಯೆನ್ ಕ್ವೆನೋ ಎಂಬ ವಿದ್ವಾಂಸನು ಇಲಿಗಳ ಮೈಬಣ್ಣವನ್ನು ಪರೀಕ್ಷಿಸಿ, ಅವು ಪ್ರಾಣಿಗಳಿಗೂ ಸಲ್ಲುವುವೆಂದು ೧೯೦೨ರಲ್ಲಿ ತೋರಿಸಿಕೊಟ್ಟನು. ೧೯೧೫ರಲ್ಲಿ ಹಾಲ್ಡೇನ್, ಅವನ ಮಿತ್ರನಾದ ಸ್ಪ್ರಂಟ್, ಹಾಲ್ಡೇನನ ತಂಗಿ ನವೋಮಿ ಈ ಮೂವರೂ ಇಲಿಗಳಲ್ಲಿ ಎರಡು ಗುಣಗಳು ಒಂದನ್ನೊಂದು ಬಿಡದೆ ಕೂಡಿಯೇ ಸಂತತಿಗೆ ಬರುವುದುಂಟೆಂದು ಪ್ರಕಟಿಸಿದರು. ಸ್ಪ್ರಂಟನು ಆ ವರ್ಷವೇ ಮಹಾಯುದ್ಧದಲ್ಲಿ ಮಡಿದನು. ಹಾಲ್ಡೇನನು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನು.

ಈ ಪರೀಕ್ಷೆಗಳಿಗೆ ಬೇಕಾದ ಇಲಿಗಳು ದೊರೆತುದು ವಿದ್ಯಾಪೀಠಗಳಿಂದಲ್ಲ. ಬಣ್ಣಬಣ್ಣದ ಇಲಿಗಳನ್ನು ವಿನೋದಕ್ಕಾಗಿ ಸಾಕುವವರು ಪಾಶ್ಚಾತ್ಯದೇಶಗಳಲ್ಲಿ ಬಹಳ ಮಂದಿ ಇದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಗ್ರಾನ್‌ಬಿ ಎಂಬ ಊರಿನಲ್ಲಿ ಆಬಿ ಲ್ಯಾತ್ರಾಪ್ ಎಂಬಾಕೆಯು, ಕೋಳಿಸಾಕಣೆಯಿಂದ ಜೀವನ ಸಾಗದಿರಲು, ಇಂಥ ಇಲಿಗಳನ್ನು ಬೆಳೆಸಿ ಮಾರತೊಡಗಿದಳು. ವಿದ್ವಾಂಸರೂ ಆಕೆಯ ಗಿರಾಕಿಗಳಾದರು. ಆಕೆಯು ಬರಿಯ ವ್ಯಾಪಾರದಲ್ಲಿಯೇ ತೃಪ್ತಳಾಗದೆ, ತನ್ನ ಇಲಿಗಳಲ್ಲಿ ಹುಟ್ಟಿದ ಗಂತಿಗಳನ್ನು ಗಮನಿಸಿ, ಲಿಯೋ ಲೋಬ್ ಎಂಬ ವೈದ್ಯನೊಡನೆ ಕೂಡಿ ಪ್ರಬಂಧಗಳನ್ನೂ ಪ್ರಕಟಿಸಿದಳು. ಆಕೆ ೧೯೧೮ರಲ್ಲಿ ತೀರಿಕೊಂಡಳು. ಆಕೆಯ ಸಂಗ್ರಹದ ೫೭ನೆಯ ಸಂಖ್ಯೆಯ ಹೆಣ್ಣಿಲಿಯ ಸಂತತಿಯಿಂದ ಕ್ಲಾರೆನ್ಸ್ ಲಿಟ್ಲ್ ಎಂಬ ವಿದ್ವಾಂಸನು ೧೯೨೧ರಲ್ಲಿ ಕಪ್ಪುಬಣ್ಣದ ಒಂದು ಶುದ್ಧವಂಶವನ್ನು ಸಾಧಿಸಿದನು. ಅದಕ್ಕೆ ಸಿ-೫೭ ಕಪ್ಪು ಎಂಬ ಅರ್ಥದ ಹೆಸರೇ ಇಂದಿಗೂ ನಿಂತಿದೆ. ೨೦೦೨ರಲ್ಲಿ ಇಲಿಯ ಸಮಸ್ತ ವಂಶಲಿಪಿಯನ್ನು ಓದಿ ಪ್ರಕಟಿಸಿದಾಗ, ಅದಕ್ಕಾಗಿ ಆರಿಸಲ್ಪಟ್ಟುದು ಈ ವಂಶದ ಇಲಿಯೇ.

ಶುದ್ಧವಂಶವೆಂದರೆ ಇಪ್ಪತ್ತು ತಲೆಮಾರಾದರೂ ಒಡಹುಟ್ಟಿದವುಗಳನ್ನೇ ಕೂಡಿಸಿ ಪಡೆದ ಸಂತತಿ. ಅಂಥ ಇಲಿಗಳು ಅನುವಂಶದಲ್ಲಿ ಬಹುಮಟ್ಟಿಗೆ ಒಂದೇ ಆಗಿರುವುವು. ಹೀಗಿರಲು, ಅವುಗಳಲ್ಲಿ ಒಂದಕ್ಕೆ ಮಾತ್ರ ಒಂದು ವಿಕಾರ ತೋರಿ, ಅದು ಸಂತತಿಗೂ ಇಳಿದರೆ, ಆ ವಿಕಾರಕ್ಕೆ ಕಾರಣವು ಯಾವುದೋ ಒಂದು ವಂಶವಾಹಿಯಲ್ಲಿಯೇ ಇರಬೇಕೆಂದು ಊಹಿಸಬಹುದು. ಉಳಿದುದೆಲ್ಲವೂ ಸಮಾನವಾಗಿದ್ದಲ್ಲದೆ ವ್ಯತಿರೇಕದಿಂದ ಕಾರಣವನ್ನು ನಿಶ್ಚಯಿಸಲಾಗದೆಂಬುದು ತಾರ್ಕಿಕರಿಗೆ ವಿದಿತವೇ ಇದೆ. ಲಿಟ್ಲನು ೧೯೨೯ರಲ್ಲಿ ಮೇಯ್ನ್ ಪ್ರಾಂತದ ಬಾರ್ ಹಾರ್ಬರಿನಲ್ಲಿ ಸ್ಥಾಪಿಸಿದ ಜ್ಯಾಕ್ಸನ್ ಪ್ರಯೋಗಶಾಲೆಯು ಇಂಥ ವಂಶಗಳ ಭಂಡಾರವಾಯಿತು. ೧೯೪೭ರ ಕಾಳ್ಗಿಚ್ಚಿನಲ್ಲಿ ಪ್ರಯೋಗಶಾಲೆಯೂ ಇಲಿಗಳೂ ಸುಟ್ಟುಹೋದುವು. ಆದರೆ ಮೊದಲೇ ಅಲ್ಲಿಂದ ಇಲಿಗಳನ್ನು ಪಡೆದಿದ್ದ ಬೇರೆಬೇರೆ ಕಡೆಯ ವಿದ್ವಾಂಸರು ಆಯಾ ವಂಶಗಳ ಇಲಿಗಳನ್ನು ಹಿಂದಕ್ಕೆ ಕಳುಹಿಸಿಕೊಟ್ಟುದರಿಂದ ಭಂಡಾರವು ಪುನಃ ತುಂಬಿತು.

೩. ತಾನಾಗಿ ಹುಟ್ಟಿದ ವಿಕೃತಿಗಳು

ಮೊದಮೊದಲು ಇಂಥ ವಿಕೃತ ಇಲಿಗಳನ್ನು ಯಾರೂ ಶ್ವಾಸಕೋಶಕ್ಕಾಗಿ ಹುಡುಕಲಿಲ್ಲ. ಕಣ್ಣಿಗೆ ಕಾಣುವ ಬಣ್ಣದಿಂದಲೋ ಚರ್ಮದಿಂದಲೋ ಅವು ಗುರುತಿಗೆ ಬಂದುವು. ಒಳಗಣ ವಿಕಾರವು ಅನಂತರ ತಿಳಿದುಬಂದಿತು. ಇವುಗಳಲ್ಲಿ ಮೂರು ಮುಖ್ಯವಾದುವು.

ಜ್ಯಾಕ್ಸನ್ ಪ್ರಯೋಗಶಾಲೆಯಲ್ಲಿ ಮಾರ್ಗರೆಟ್ ಗ್ರೀನ್ ಮೊದಲಾದವರು ೧೯೭೬ರಲ್ಲಿ ವರ್ಣಿಸಿದ ಬಿಗಿಚರ್ಮದ ಇಲಿ ಮೊದಲನೆಯದು. ಅದರ ಹೆಗಲುಗಳ ನಡುವಣ ಚರ್ಮವು ಕೈಯಿಂದ ಹಿಡಿದೆತ್ತಲಾಗದಷ್ಟು ಬಿಗಿದಿರುವುದು. ಅದರ ಶ್ವಾಸಕೋಶವನ್ನು ಕೊಯ್ದು ನೋಡಿದಾಗ, ಗಾಳಿಗೂಡುಗಳ ನಡುವಣ ತೆಳುಗೋಡೆಗಳು ಅಳಿದು ದೊಡ್ಡ ಪೊಳ್ಳುಗಳಾಗಿದ್ದುವು. ಮನುಷ್ಯರಲ್ಲಿ ಎಂಫಿಸೀಮ ಎಂದು ಕರೆಯುವ ವ್ಯಾಧಿಯ ಲಕ್ಷಣವೇ ಇದು. ಫೈಬ್ರಿಲಿನ್ ಎಂಬ ನಾರುಪದಾರ್ಥದ ವಂಶವಾಹಿಯ ಒಂದು ಭಾಗವು ಇಮ್ಮಡಿಯಾಗಿರುವುದೇ ಇದಕ್ಕೆ ಮೂಲವೆಂದು ೧೯೯೬ರಲ್ಲಿ ಗೊತ್ತಾಯಿತು. ಎರಡನೆಯದು ಮಚ್ಚೆಬಣ್ಣದ ಇಲಿ. ತಾಮ್ರವನ್ನು ಜೀವಕೋಶಗಳಲ್ಲಿ ಸಾಗಿಸುವ ಪ್ರೋಟೀನು ಇದರಲ್ಲಿ ಕೆಟ್ಟಿರುವುದು. ತಾಮ್ರವಿಲ್ಲದೆ ಶ್ವಾಸಕೋಶದ ಹಿಗ್ಗುವ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳಲಾರವು. ಆದುದರಿಂದ ಗೂಡಿನ ಗೋಡೆಗಳು ಸಡಿಲವಾಗುವುವು.

ಮೂರನೆಯದಾದ ಪೇಲವವರ್ಣದ ಇಲಿಯ ಕಥೆಯು ಹೆಚ್ಚು ವಿಚಾರಾರ್ಹವಾಗಿದೆ. ಅದನ್ನು ತಿಳಿಯಬೇಕಾದರೆ ಸ್ವೀಡನ್ ದೇಶದ ಒಂದು ವೃತ್ತಾಂತವನ್ನು ಮೊದಲು ಹೇಳಬೇಕು. ೧೯೬೩ರಲ್ಲಿ ಮಾಲ್ಮೋ ನಗರದ ಲಾರೆಲ್ ಮತ್ತು ಎರಿಕ್ಸನ್ ಎಂಬವರು, ರಕ್ತರಸದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿ ನೋಡುತ್ತಿದ್ದಾಗ, ೫ ಮಂದಿಯ ರಕ್ತದಲ್ಲಿ ಒಂದು ಪಟ್ಟೆಯೇ ಇಲ್ಲದಿರುವುದನ್ನು ಕಂಡರು. ಆ ೫ ಮಂದಿಯಲ್ಲಿ ೩ ಮಂದಿಗೆ ಶ್ವಾಸಕೋಶದ ವ್ಯಾಧಿಯಿದ್ದಿತು. ಇಲ್ಲದೆಹೋದ ಆ ಪ್ರೋಟೀನಿಗೆ ಆಲ್ಫಾ-೧ ಆಂಟಿಟ್ರಿಪ್ಸಿನ್ ಎಂದು ಹೆಸರು. ಬಿಳಿಯ ರಕ್ತಕಣಗಳಿಂದ ಹೊರಬೀಳುವ, ನಾರುಗಳನ್ನು ಕರಗಿಸುವ ದ್ರವ್ಯವನ್ನು ತಡೆಯುವುದು ಅದರ ಕೆಲಸ. ತಡೆಯಿಲ್ಲದಿದ್ದರೆ ಆ ದ್ರವ್ಯವು ಸ್ವಂತ ಶ್ವಾಸಕೋಶವನ್ನೇ ತಿಂದುಹಾಕುವುದು.

ಪೇಲವವರ್ಣದ ಇಲಿಗೆ ವಯಸ್ಸಾದಂತೆ ಎಂಫಿಸೀಮ ಬರುವುದೆಂದೂ, ಅದರ ರಕ್ತದಲ್ಲಿ ಈ ಪ್ರೋಟೀನು ಕಡಿಮೆಯೆಂದೂ ೧೯೯೩ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ರೋಗಿಗಳಿಗೆ ತಕ್ಕ ಪ್ರತಿರೂಪವು ದೊರೆಯಿತೆಂದು ಹಲವರು ಭಾವಿಸಿದರು. ಆದರೆ ೧೯೯೯ರಲ್ಲಿ ಆ ಇಲಿಯ ಕೆಟ್ಟ ವಂಶವಾಹಿಯನ್ನು ಗುರುತಿಸಿದಾಗ, ಅದು ಆಂಟಿಟ್ರಿಪ್ಸಿನ್ನಿನದಾಗಿರಲಿಲ್ಲ. ಜೀವಕೋಶದೊಳಗಣ ಸಣ್ಣ ಸಣ್ಣ ಕೋಶಿಕೆಗಳನ್ನು ರಚಿಸುವ ಬೇರೊಂದು ಪ್ರೋಟೀನಿನದಾಗಿದ್ದಿತು. ಬಣ್ಣ ಪೇಲವವಾಗಿರುವುದೂ ರಕ್ತಸ್ರಾವವು ಬೇಗ ನಿಲ್ಲದಿರುವುದೂ ಅದರಿಂದಲೇ. ೧೯೫೯ರಲ್ಲಿ ಪ್ರಾಗ್ ನಗರದ ಹರ್ಮಾನ್‌ಸ್ಕಿ ಮತ್ತು ಪುಡ್ಲಾಕ್ ಎಂಬ ವೈದ್ಯರು ವರ್ಣಿಸಿದ ಮನುಷ್ಯವ್ಯಾಧಿಯ ವರ್ಗಕ್ಕೆ ಈ ಇಲಿಯು ಸೇರಿತು. ಹೊಗೆಯು ಕಂಡಲ್ಲಿ ಬೆಂಕಿಯುಂಟೆಂದು ಹೇಳಬಹುದು. ಯಾವ ಕಟ್ಟಿಗೆಯ ಬೆಂಕಿಯೆಂದು ಹೊಗೆಯಿಂದಲೇ ಹೇಳಲಾಗದು. ಕಾರ್ಯಸಾಮ್ಯದಿಂದ ಕಾರಣಸಾಮ್ಯವನ್ನು ನಿಶ್ಚಯಿಸಕೂಡದೆಂಬುದು ಈ ಪ್ರಸಂಗದಿಂದ ತಿಳಿಯತಕ್ಕ ಮೊದಲ ಪಾಠ.

೪. ಬೇಕೆಂದು ಮಾಡಿದ ವಿಕೃತಿಗಳು

ತಾನಾಗಿ ಹುಟ್ಟುವ ವಿಕೃತಿಗಾಗಿ ಕಾಯುತ್ತ ಕೂಡುವ ಕಾಲವು ೧೯೮೦ರ ದಶಕದಲ್ಲಿ ಮುಗಿಯಿತು. ೧೯೮೧ರಲ್ಲಿ ಮಾರ್ಟಿನ್ ಇವಾನ್ಸ್ ಮತ್ತು ಕಾಫ್‌ಮನ್ ಎಂಬವರು ಇಲಿಯ ಎಳೆಯ ಭ್ರೂಣದಿಂದ ಮೂಲಜೀವಕೋಶಗಳನ್ನು ತೆಗೆದು ಬೆಳೆಸಿದರು. ಆಲಿವರ್ ಸ್ಮಿತಿಸ್ ಮತ್ತು ಮಾರಿಯೋ ಕಪೆಕ್ಕಿ ಎಂಬವರು ಆರಿಸಿದ ಒಂದೇ ವಂಶವಾಹಿಯನ್ನು ಮಾತ್ರ ಬದಲಾಯಿಸುವ ಉಪಾಯವನ್ನು ಕಂಡುಹಿಡಿದರು. ಎರಡನ್ನೂ ಕೂಡಿಸಿದುದರಿಂದ, ಬೇಕಾದ ವಂಶವಾಹಿಯಿಲ್ಲದ ಇಲಿಯನ್ನು ಹುಟ್ಟಿಸುವುದು ಸಾಧ್ಯವಾಯಿತು. ಇವಾನ್ಸ್, ಸ್ಮಿತಿಸ್, ಕಪೆಕ್ಕಿ ಈ ಮೂವರಿಗೂ ೨೦೦೭ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ತರ್ಕಶಾಸ್ತ್ರದ ದೃಷ್ಟಿಯಿಂದ ಇದು ವ್ಯತಿರೇಕಪರೀಕ್ಷೆ. ಯಾವುದಿಲ್ಲದಿದ್ದರೆ ಯಾವುದು ಇಲ್ಲವೋ ಅದು ಇದಕ್ಕೆ ಕಾರಣವೆಂಬುದನ್ನು ಸಜೀವಶರೀರದಲ್ಲಿಯೇ ನೋಡಿ ತಿಳಿಯುವುದು.

ಈ ಪರೀಕ್ಷೆಯು ಸರಿಯಾಗಿ ಫಲಿಸಿದುದಕ್ಕೆ ಒಂದು ಉದಾಹರಣೆ ಸಾಕು. ಉಸಿರುಬಿಟ್ಟಾಗ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಅವುಗಳ ಒಳಮೈಯಲ್ಲಿ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಲೇಪವಿರುವುದು. ತಿಂಗಳು ತುಂಬದೆ ಹುಟ್ಟಿ ಉಸಿರಾಡಲಾರದೆ ಸಾಯುವ ಶಿಶುಗಳಲ್ಲಿ ಈ ಲೇಪದ ಕೊರತೆಯಿರುವುದೆಂದು ಮೇರಿ ಎಲೆನ್ ಏವರಿ ಮತ್ತು ಮೀಡ್ ಎಂಬವರು ೧೯೫೯ರಲ್ಲಿ ತೋರಿಸಿದ್ದರು. ತಿಂಗಳು ತುಂಬಿದರೂ ಹಾಗೆಯೇ ಸಾಯುವ ಕೆಲವು ಶಿಶುಗಳಲ್ಲಿ ಆ ಲೇಪಕ್ಕೆ ಸೇರಿದ ಬಿ ಎಂಬ ಪ್ರೋಟೀನು ಇಲ್ಲವೆಂದು ೧೯೯೩ರಲ್ಲಿ ಗೊತ್ತಾಯಿತು. ೧೯೯೫ರಲ್ಲಿ ಸಿನ್ಸಿನಾಟಿಯ ವಿಟ್ಸೆಟ್ ಮೊದಲಾದವರು ಆ ಪ್ರೋಟೀನಿಲ್ಲದ ಇಲಿಮರಿಗಳನ್ನು ಹುಟ್ಟಿಸಿದರು. ಅವೂ ಹುಟ್ಟಿದೊಡನೆಯೇ ಉಸಿರಾಡಲಾರದೆ ಸತ್ತುವು. ಇಲ್ಲಿ ಕಾರಣವೂ ಒಂದೇ, ಕಾರ್ಯವೂ ಒಂದೇ.

೫. ದೃಷ್ಟಾಂತವು ತಪ್ಪಿದ ಪ್ರಸಂಗ

ಆದರೆ ಎಲ್ಲೆಡೆಯೂ ಹೀಗಾಗಲಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ವ್ಯಾಧಿಯನ್ನು ೧೯೩೮ರಲ್ಲಿ ನ್ಯೂಯಾರ್ಕಿನ ಡೊರೊತಿ ಆಂಡರ್ಸನ್ ಎಂಬ ವೈದ್ಯೆಯು ಬೇರೆ ರೋಗವೆಂದು ವಿಂಗಡಿಸಿದಳು. ಇದರಲ್ಲಿ ಮೇದೋಜೀರಕಗ್ರಂಥಿಯು ಕೆಡುವುದು. ಬೆವರು ಅತಿಯಾಗಿ ಉಪ್ಪಾಗುವುದು. ಶ್ವಾಸನಾಳಗಳಲ್ಲಿ ಕಫವು ಒಣಗಿ ಗಟ್ಟಿಯಾಗಿ, ಕ್ರಿಮಿಗಳು ಸೇರಿ, ಕೊನೆಗೆ ಶ್ವಾಸಕೋಶವೇ ನಾಶವಾಗುವುದು. ಆಗ ಈ ರೋಗದ ಮಕ್ಕಳಲ್ಲಿ ಹೆಚ್ಚಿನವು ಎಳೆಯ ವಯಸ್ಸಿನಲ್ಲಿಯೇ ಸಾಯುತ್ತಿದ್ದುವು. ೧೯೮೯ರಲ್ಲಿ ಲ್ಯಾಪ್-ಚೀ ತ್ಸೂಯಿ, ರಿಯೋರ್ಡನ್, ಕಾಲಿನ್ಸ್ ಇವರು ಇದರ ವಂಶವಾಹಿಯನ್ನು ಏಳನೆಯ ವರ್ಣತಂತುವಿನಲ್ಲಿ ಕಂಡುಹಿಡಿದರು. ಅದು ನಿರ್ಮಿಸುವ ಪ್ರೋಟೀನು ಕ್ಲೋರೈಡ್ ಎಂಬ ಲವಣಾಂಶವು ಜೀವಕೋಶದಿಂದ ಹೊರಬರುವ ಬಾಗಿಲು. ೧೪೮೦ ಘಟಕಗಳ ಆ ಸರಪಣಿಯಲ್ಲಿ ೫೦೮ನೆಯ ಒಂದು ಘಟಕವು ಬಿಟ್ಟುಹೋಗುವುದೇ ರೋಗಕ್ಕೆ ಅತಿಸಾಮಾನ್ಯವಾದ ಕಾರಣ.

ಮೂರು ವರ್ಷಗಳಲ್ಲಿಯೇ, ಎಂದರೆ ೧೯೯೨ರಲ್ಲಿ, ಚಾಪೆಲ್ ಹಿಲ್ ನಗರದ ವಿದ್ವಾಂಸರು ಆ ವಂಶವಾಹಿಯಿಲ್ಲದ ಇಲಿಗಳನ್ನು ಹುಟ್ಟಿಸಿದರು. ಎಡಿನ್‌ಬರೋ ನಗರದವರೂ ಅದೇ ವರ್ಷ ಬೇರೊಂದು ಬಗೆಯಿಂದ ಅದನ್ನು ಕೆಡಿಸಿದ ಇಲಿಗಳನ್ನು ಪಡೆದರು. ಬಹುಕಾಲದಿಂದ ನಿರೀಕ್ಷಿಸಿದ್ದ ಪ್ರತಿರೂಪವು ಕೈಸೇರಿತೆಂಬ ಸಂತೋಷವು ಹೆಚ್ಚುಕಾಲ ನಿಲ್ಲಲಿಲ್ಲ. ಚಾಪೆಲ್ ಹಿಲ್ಲಿನ ಇಲಿಗಳಲ್ಲಿ ಬಹುಪಾಲು ಕರುಳು ಕಟ್ಟಿಕೊಂಡು ಎಳೆಯವಾಗಿಯೇ ಸತ್ತುವು. ಆದರೆ ಅವುಗಳ ಶ್ವಾಸಕೋಶಗಳಲ್ಲಿ ಮನುಷ್ಯನನ್ನು ಕೊಲ್ಲುವ ಆ ವಿಕಾರವು ಕಾಣಲಿಲ್ಲ. ಯಾವ ಅಂಗಕ್ಕಾಗಿ ಇಲಿಯನ್ನು ಮಾಡಿದರೋ ಆ ಅಂಗವೇ ಸುಸ್ಥಿತಿಯಲ್ಲಿದ್ದಿತು.

ಕಾರಣವುಂಟು, ಕಾರ್ಯವಿಲ್ಲ, ಇದು ವ್ಯಭಿಚಾರವಲ್ಲವೆ? ಹಾಗಾದರೆ ಆ ವಂಶವಾಹಿಯು ಶ್ವಾಸರೋಗಕ್ಕೆ ಕಾರಣವೇ ಅಲ್ಲವೆಂದು ಹೇಳಬೇಕೆ? ಹಾಗೆ ಹೇಳಬೇಕಾಗಿಲ್ಲ. ಪ್ರತಿಬಂಧಕವಿದ್ದಾಗ ಕಾರಣವು ಕಾರ್ಯವನ್ನು ಹುಟ್ಟಿಸದು. ಚಂದ್ರಕಾಂತಮಣಿಯು ಹತ್ತಿರವಿದ್ದರೆ ಬೆಂಕಿಯೂ ಸುಡದೆಂಬುದು ತಾರ್ಕಿಕರ ಪ್ರಸಿದ್ಧ ನಿದರ್ಶನ. ಇಲಿಯ ಶ್ವಾಸನಾಳದಲ್ಲಿಯೂ ಅಂಥ ಪ್ರತಿಬಂಧಕವೊಂದಿತ್ತು. ಕ್ಯಾಲ್ಸಿಯಮ್ಮಿನಿಂದ ತೆರೆಯುವ ಎರಡನೆಯ ಕ್ಲೋರೈಡ್ ಬಾಗಿಲು ಇಲಿಯ ಶ್ವಾಸನಾಳದಲ್ಲಿ ಪ್ರಬಲವಾಗಿರುವುದರಿಂದ, ಮೊದಲನೆಯದು ಮುಚ್ಚಿದರೂ ಕೆಲಸವು ನಿಲ್ಲದೆಂದು ೧೯೯೪ರಲ್ಲಿ ಚಾಪೆಲ್ ಹಿಲ್ಲಿನವರು ತೋರಿಸಿದರು. ಇಲಿಯ ಕರುಳಿನಲ್ಲಿ ಈ ಎರಡನೆಯ ಬಾಗಿಲು ಹಾಗೆ ಇಲ್ಲದಿರುವುದರಿಂದಲೇ ಅಲ್ಲಿ ರೋಗವು ತೋರಿತು. ಅಲ್ಲದೆ ಮನುಷ್ಯನ ಶ್ವಾಸನಾಳಗಳಲ್ಲಿ ಬಹುದೂರ ಹಬ್ಬಿರುವ ಕಫಗ್ರಂಥಿಗಳು ಇಲಿಯಲ್ಲಿ ಗಂಟಲಕೆಳಗಣ ದೊಡ್ಡ ನಾಳದ ಮೇಲ್ಭಾಗದಲ್ಲಿ ಮಾತ್ರ ಇರುವುವು.

ಈ ತಪ್ಪಿದ ದೃಷ್ಟಾಂತದಿಂದಲೇ ಮುಂದಣ ಪ್ರಶ್ನೆಯು ಹುಟ್ಟಿತು. ಕ್ಲೋರೈಡಿನ ಬಾಗಿಲಲ್ಲ, ನಾಳದ ಒಳಮೈ ಒಣಗುವುದೇ ರೋಗದ ನಿಜವಾದ ದ್ವಾರವಾಗಿರಬಹುದೇ? ೨೦೦೪ರಲ್ಲಿ ಮಾರ್ಕುಸ್ ಮಾಲ್ ಮತ್ತು ಅವನ ಸಹಾಯಕರು ಸೋಡಿಯಮ್ಮನ್ನು ಒಳಕ್ಕೆ ಎಳೆದುಕೊಳ್ಳುವ ಬಾಗಿಲನ್ನು ಹೆಚ್ಚಾಗಿ ತೆರೆದಿಟ್ಟ ಇಲಿಗಳನ್ನು ಹುಟ್ಟಿಸಿದರು. ನೀರು ಸೋಡಿಯಮ್ಮನ್ನು ಹಿಂಬಾಲಿಸಿ ಒಳಕ್ಕೆ ಹೋಯಿತು, ಶ್ವಾಸನಾಳವು ಒಣಗಿತು, ಕಫವು ಕಟ್ಟಿತು, ಉರಿಯೂತವು ತೋರಿತು, ಅನೇಕ ಮರಿಗಳು ಸತ್ತುವು. ಮನುಷ್ಯನ ವಂಶವಾಹಿದೋಷವಿಲ್ಲದೆಯೇ ಮನುಷ್ಯನ ರೋಗವು ಇಲಿಯಲ್ಲಿ ಬಹುಮಟ್ಟಿಗೆ ಕಾಣಿಸಿಕೊಂಡಿತು. ೨೦೦೮ರಲ್ಲಿ ಮನುಷ್ಯನಿಗೆ ಹೆಚ್ಚು ಸಮೀಪವಾದ ಶ್ವಾಸಕೋಶವುಳ್ಳ ಹಂದಿಯಲ್ಲಿಯೂ ಫೆರೆಟ್ ಎಂಬ ಪ್ರಾಣಿಯಲ್ಲಿಯೂ ಆ ವಂಶವಾಹಿಯನ್ನು ಕೆಡಿಸಿ ಪರೀಕ್ಷಿಸಿದರು.

೬. ನಿರೀಕ್ಷಿಸದೆ ದೊರೆತ ದೃಷ್ಟಾಂತ

ಇದಕ್ಕೆ ಪ್ರತಿಯಾದ ಮತ್ತೊಂದು ಪ್ರಸಂಗವುಂಟು. ೧೯೫೮ರಲ್ಲಿ ರೋಸೆನ್, ಕ್ಯಾಸಲ್‌ಮನ್, ಲೀಬೋ ಎಂಬ ಮೂವರು ವೈದ್ಯರು ೨೭ ರೋಗಿಗಳ ಒಂದು ಅಪೂರ್ವವ್ಯಾಧಿಯನ್ನು ವರ್ಣಿಸಿದರು. ಗಾಳಿಗೂಡುಗಳಲ್ಲಿ ಹಾಲಿನಂಥ ಪದಾರ್ಥವು ತುಂಬಿ ರೋಗಿಯು ಉಸಿರಿಗಾಗಿ ಬಳಲುವನು. ಲವಣಜಲದಿಂದ ಶ್ವಾಸಕೋಶವನ್ನು ತೊಳೆಯುವುದು ಬಿಟ್ಟರೆ ಬೇರೆ ಉಪಾಯವಿರಲಿಲ್ಲ. ಕಾರಣವು ಮೂವತ್ತೈದು ವರ್ಷಗಳವರೆಗೆ ಯಾರಿಗೂ ತಿಳಿಯಲಿಲ್ಲ.

ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಮೆಟ್‌ಕಾಫ್ ಮೊದಲಾದವರು, ಬಿಳಿಯ ರಕ್ತಕಣಗಳನ್ನು ಬೆಳೆಸುವ ಜಿ.ಎಂ.-ಸಿ.ಎಸ್.ಎಫ್. ಎಂಬ ದ್ರವ್ಯವನ್ನು ೧೯೭೭ರಲ್ಲಿ ಶುದ್ಧಮಾಡಿ ತೆಗೆದಿದ್ದರು. ಅವರು ಅದನ್ನು ತೆಗೆದುದು ಇಲಿಯ ಶ್ವಾಸಕೋಶದ ಅಂಶಗಳನ್ನು ಇರಿಸಿ ಬೆಳೆಸಿದ ದ್ರವದಿಂದ. ಆದರೂ ಅದು ರಕ್ತೋತ್ಪತ್ತಿಗೆ ಸೇರಿದುದೆಂಬ ಭಾವನೆಯೇ ಎಲ್ಲರಲ್ಲಿಯೂ ಇದ್ದಿತು. ೧೯೯೪ರಲ್ಲಿ ಅಮೆರಿಕದಲ್ಲಿ ಡ್ರಾನಾಫ್ ಮೊದಲಾದವರೂ ಮೆಲ್ಬರ್ನಿನಲ್ಲಿ ಸ್ಟ್ಯಾನ್ಲಿ ಮೊದಲಾದವರೂ ಈ ದ್ರವ್ಯವಿಲ್ಲದ ಇಲಿಗಳನ್ನು ಪ್ರತ್ಯೇಕವಾಗಿ ಹುಟ್ಟಿಸಿದರು. ಅವುಗಳ ರಕ್ತವು ಹೆಚ್ಚುಕಡಿಮೆ ಸಹಜವಾಗಿಯೇ ಇದ್ದಿತು. ಶ್ವಾಸಕೋಶದಲ್ಲಿಯಾದರೋ ೧೯೫೮ರ ಆ ಹಾಲಿನಂಥ ಪದಾರ್ಥವೇ ತುಂಬಿದ್ದಿತು. ಹಳೆಯ ಸರ್ಫ್ಯಾಕ್ಟಂಟನ್ನು ತಿಂದು ತೆಗೆಯುವ ಭಕ್ಷಕಕೋಶಗಳು ಈ ದ್ರವ್ಯವಿಲ್ಲದೆ ಪಕ್ವವಾಗಲಾರವೆಂಬುದು ಇದರಿಂದ ವಿದಿತವಾಯಿತು. ೧೯೯೬ರಲ್ಲಿ ಅಂಥ ಇಲಿಯ ಶ್ವಾಸಕೋಶದಲ್ಲಿ ಮಾತ್ರ ಆ ದ್ರವ್ಯವು ಪುನಃ ಉತ್ಪನ್ನವಾಗುವಂತೆ ಮಾಡಿದಾಗ ವ್ಯಾಧಿಯು ಹೋಯಿತು. ವ್ಯತಿರೇಕದೊಡನೆ ಅನ್ವಯವೂ ಸಿದ್ಧಿಸಿತು.

ಆದರೆ ವಯಸ್ಕರಾದ ರೋಗಿಗಳನ್ನು ನೋಡಿದರೆ, ಅವರಲ್ಲಿ ಆ ವಂಶವಾಹಿಯು ಕೆಟ್ಟಿರಲಿಲ್ಲ. ಇಲ್ಲಿಯೂ ದೃಷ್ಟಾಂತವು ತಪ್ಪಿತೆಂದು ತೋರುವುದು. ಜಪಾನಿನ ನಕಾತ ಮೊದಲಾದವರು ೧೯೯೯ರಲ್ಲಿ ಈ ತೊಡಕನ್ನು ಬಿಡಿಸಿದರು. ರೋಗಿಗಳ ಶರೀರವು ಆ ದ್ರವ್ಯವನ್ನು ನಿರ್ಮಿಸುತ್ತಿದ್ದರೂ, ಅದನ್ನು ಹಿಡಿದು ವ್ಯರ್ಥಮಾಡುವ ಪ್ರತಿಕಾಯಗಳನ್ನೂ ತಾನೇ ನಿರ್ಮಿಸಿಕೊಳ್ಳುತ್ತಿತ್ತು. ಇಲಿಯಲ್ಲಿ ವಸ್ತುವೇ ಇಲ್ಲ. ಮನುಷ್ಯನಲ್ಲಿ ವಸ್ತುವಿದ್ದೂ ಇಲ್ಲದಂತಾಗಿದೆ. ಫಲವು ಒಂದೇ. ಕೆಲವು ಮಕ್ಕಳಲ್ಲಿ ಈ ದ್ರವ್ಯವನ್ನು ಗ್ರಹಿಸುವ ಪ್ರೋಟೀನಿನ ವಂಶವಾಹಿಯೇ ಕೆಟ್ಟಿರುವುದೆಂದು ೨೦೦೮ರಲ್ಲಿ ತಿಳಿದುಬಂದಿತು. ಆ ದ್ರವ್ಯವನ್ನು ಉಸಿರಿನ ಮೂಲಕ ಕೊಟ್ಟರೆ ರೋಗಿಗಳ ರಕ್ತದಲ್ಲಿ ಪ್ರಾಣವಾಯುವಿನ ಸ್ಥಿತಿಯು ಸ್ವಲ್ಪಮಟ್ಟಿಗೆ ಉತ್ತಮವಾಗುವುದೆಂದು ಜಪಾನಿನಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು. ರಕ್ತಕ್ಕಾಗಿ ಹುಟ್ಟಿಸಿದ ಇಲಿಯು ಶ್ವಾಸಕೋಶದ ಚಿಕಿತ್ಸೆಗೆ ದಾರಿಯನ್ನು ತೋರಿತು.

೭. ಪೂರ್ವಪಕ್ಷ ಮತ್ತು ಸಮಾಧಾನ

ಇಲ್ಲಿ ಆಕ್ಷೇಪಗಳು ಹುಟ್ಟುವುವು. ಮನುಷ್ಯನ ಶ್ವಾಸನಾಳವು ಸುಮಾರು ೨೩ ಸಲ ಕವಲೊಡೆಯುವುದು. ಇಲಿಯದು ಸುಮಾರು ೧೩ ಸಲ. ಮನುಷ್ಯಶಿಶುವಿಗೆ ಹುಟ್ಟುವಾಗಲೇ ಗಾಳಿಗೂಡುಗಳು ಉಂಟಾಗತೊಡಗಿರುವುವು. ಇಲಿಮರಿಗೆ ಅವು ಹುಟ್ಟಿದ ಕೆಲವು ದಿನಗಳ ಮೇಲೆಯೇ ಉಂಟಾಗುವುವು. ಇಲಿಯ ಆಯುಸ್ಸು ಸುಮಾರು ಎರಡು ವರ್ಷ. ಹೀಗಿರುವಾಗ ಇಲಿಯಿಂದ ಮನುಷ್ಯನನ್ನು ತಿಳಿಯುವುದು ಹೇಗೆ? ಅಲ್ಲದೆ ಸಿಸ್ಟಿಕ್ ಫೈಬ್ರೋಸಿಸ್ ರೋಗಕ್ಕೆ ೨೦೧೨ರಿಂದ ಬಂದ ಉತ್ತಮೌಷಧಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳ ಮೂಲಕ ದೊರೆತುವೇ ಹೊರತು ಇಲಿಯ ಶ್ವಾಸಕೋಶದಿಂದಲ್ಲ. ಮೂಕಪ್ರಾಣಿಗಳ ವಧೆಯ ವಿಷಯವಂತೂ ಉಪೇಕ್ಷಿಸತಕ್ಕುದಲ್ಲ.

ಈ ಆಕ್ಷೇಪಗಳಲ್ಲಿ ಸತ್ಯವಿದೆ. ಆದರೆ ಅವುಗಳಿಂದ ಮಾರ್ಗವೇ ವ್ಯರ್ಥವೆಂದು ಸಿದ್ಧವಾಗುವುದಿಲ್ಲ. ಉಪಮಾನಪ್ರಮಾಣದಲ್ಲಿ ಗವಯವು ಹಸುವಿನಂತಿರುವುದೆಂದು ಕೇಳಿದವನು ಕಾಡಿಗೆ ಹೋಗಿ ಆ ಮೃಗವನ್ನು ಗುರುತಿಸುವನು. ಹಾಗೆಂದು ಅದರ ಹಾಲನ್ನು ಕರೆಯುವುದಕ್ಕೆ ಚೆಂಬನ್ನು ಹಿಡಿದು ಹೋಗುವುದಿಲ್ಲ. ಯಾವ ಅಂಶದಲ್ಲಿ ಸಾದೃಶ್ಯವು ವಿವಕ್ಷಿತವೋ ಆ ಅಂಶದಲ್ಲಿಯೇ ಅದು ಪ್ರಮಾಣ. ಆಂಟಿಟ್ರಿಪ್ಸಿನ್ನಿನ ವಿಚಾರವೇ ಇದಕ್ಕೆ ನಿದರ್ಶನ. ಮನುಷ್ಯನಲ್ಲಿ ಒಂದೇ ವಂಶವಾಹಿಯು ಮಾಡುವ ಕೆಲಸಕ್ಕೆ ಸಿ-೫೭ ವಂಶದ ಇಲಿಯಲ್ಲಿ ಐದು ವಂಶವಾಹಿಗಳಿವೆ. ಒಂದನ್ನು ಕೆಡಿಸಿದರೆ ಉಳಿದುವು ಕೆಲಸವನ್ನು ಸಾಗಿಸಬಲ್ಲವು. ಐದನ್ನೂ ಒಟ್ಟಿಗೆ ತೆಗೆಯುವ ಹೊಸ ಉಪಾಯವಾದ ಕ್ರಿಸ್ಪರ್ ದೊರೆತ ಮೇಲೆ, ೨೦೧೮ರಲ್ಲಿ ಮ್ಯಾಸಚೂಸೆಟ್ಸಿನ ವಿದ್ವಾಂಸರು ಆ ಇಲಿಯನ್ನು ಪಡೆದರು. ಅದಕ್ಕೆ ವಯಸ್ಸಾದಂತೆ ಎಂಫಿಸೀಮವು ತಾನಾಗಿಯೇ ಬಂದಿತು. ಸ್ವೀಡನ್ನಿನ ವೈದ್ಯರು ೧೯೬೩ರಲ್ಲಿ ಮಾಡಿದ ಊಹೆಗೆ ಇಲಿಯ ಸಾಕ್ಷ್ಯವು ದೊರೆಯುವುದಕ್ಕೆ ೫೫ ವರ್ಷಗಳು ಹಿಡಿದುವು. ಪೇಲವವರ್ಣದ ಇಲಿಯಲ್ಲಿಯೇ ತೃಪ್ತರಾಗಿದ್ದರೆ ಈ ಸಾಕ್ಷ್ಯವು ಸಿಕ್ಕುತ್ತಿರಲಿಲ್ಲ.

ವಧೆಯ ವಿಷಯದಲ್ಲಿ ರಸೆಲ್ ಮತ್ತು ಬರ್ಚ್ ಎಂಬವರು ೧೯೫೯ರಲ್ಲಿಯೇ ಮೂರು ನಿಯಮಗಳನ್ನು ವಿಧಿಸಿದರು. ಪ್ರಾಣಿಯಿಲ್ಲದೆ ಸಾಗುವಲ್ಲಿ ಪ್ರಾಣಿಯನ್ನು ಬಳಸಕೂಡದು, ಬಳಸಿದರೆ ಸಂಖ್ಯೆಯನ್ನು ಕಡಿಮೆಮಾಡಬೇಕು, ನೋವನ್ನೂ ಕಡಿಮೆಮಾಡಬೇಕು. ಮೇಲಣ ಇತಿಹಾಸವನ್ನು ನೋಡಿದರೆ, ಸಾದೃಶ್ಯವನ್ನು ಸರಿಯಾಗಿ ವಿಚಾರಿಸುವುದೂ ಈ ದಯೆಯ ಒಂದು ಅಂಗವೆಂದು ತೋರುವುದು. ತಪ್ಪಾದ ದೃಷ್ಟಾಂತಕ್ಕಾಗಿ ಸತ್ತ ಇಲಿಯು ರೋಗಿಗೂ ಉಪಕಾರವನ್ನು ಮಾಡಲಾರದು.

೮. ಉಪಸಂಹಾರ

ಮೇಲ್ಕಂಡ ಪ್ರಸಂಗಗಳಿಂದ ಮೂರು ವಿಷಯಗಳು ಸಿದ್ಧವಾಗುವುವು. ರೋಗದ ರೂಪವು ಒಂದೇ ಆದ ಮಾತ್ರಕ್ಕೆ ಕಾರಣವೂ ಒಂದೇ ಎನ್ನಲಾಗದೆಂಬುದು ಪೇಲವವರ್ಣದ ಇಲಿಯಿಂದ ತಿಳಿಯುವುದು. ಕಾರಣವು ಒಂದೇ ಆದರೂ ಪ್ರತಿಬಂಧಕವಿದ್ದರೆ ರೂಪವು ಬೇರೆಯಾಗಬಹುದೆಂಬುದೂ, ಆ ಪ್ರತಿಬಂಧಕವನ್ನು ಹುಡುಕುವುದೇ ಜ್ಞಾನಕ್ಕೆ ಮಾರ್ಗವೆಂಬುದೂ ಸಿಸ್ಟಿಕ್ ಫೈಬ್ರೋಸಿಸ್ ಇಲಿಯಿಂದ ತಿಳಿಯುವುವು. ಇಲಿಯು ಹೇಳಿದುದನ್ನು ಕೊನೆಗೆ ಮನುಷ್ಯನಲ್ಲಿಯೇ ಪರೀಕ್ಷಿಸಿ ನಿಶ್ಚಯಿಸಬೇಕೆಂಬುದು ಜಪಾನಿನವರ ಶೋಧನೆಯಿಂದ ತಿಳಿಯುವುದು. ಲ್ಯಾತ್ರಾಪಳು ಹಿತ್ತಿಲಿನಲ್ಲಿ ಸಾಕಿದ ಇಲಿಗಳ ಸಂತತಿಯು ನೂರು ವರ್ಷಗಳಲ್ಲಿ ವೈದ್ಯಶಾಸ್ತ್ರಕ್ಕೆ ಮಾಡಿದ ಉಪಕಾರವು ಸಣ್ಣದಲ್ಲ. ಅದನ್ನು ಬಳಸಿಕೊಳ್ಳುವವರು ಹೇತುವನ್ನೂ ಹೇತ್ವಾಭಾಸವನ್ನೂ ವಿಂಗಡಿಸಿ ನೋಡಿದಷ್ಟು ಕಾಲವೂ ಆ ಉಪಕಾರವು ಮುಂದುವರಿಯುವುದು.